ಮೊಳೆಗೆ ನೇತುಹಾಕಿದ್ದ ನೀಲಿ ಶರ್ಟು

ತಿಥಿಯ ಮಾರನೇ ಬೆಳಿಗ್ಗೆ ಗಂಗಲಕ್ಷ್ಮಮ್ಮ ಒಲೆ ಮುಂದೆ ಕೂತಿದ್ದಾಗ ಕೋಳಿ ಶೆಡ್ಡಿನಿಂದ ಸೊಸೆ ಸುಧಾ ಕಿರುಚಿಕೊಂಡಳು. "ಅತ್ತೇ, ಬನ್ನಿ ಬೇಗ!"

ಮುದುಕಿ ಓಡಿಹೋಗಿ ನೋಡಿದರೆ ಬ್ರಾಯ್ಲರ್ ಮರಿಗಳೆಲ್ಲ ಹಿಂದಿನ ಮೂಲೆಗೆ ನುಗ್ಗಿ, ಒಂದರ ಮೇಲೊಂದು ಗುಡ್ಡೆ ಬಿದ್ದಿವೆ. ಸುಧಾ ಬೊಗಸೆ ಬೊಗಸೆ ಎತ್ತಿ ಈಚೆ ಬಿಡುತ್ತಿದ್ದಾಳೆ. ಮೇಲಿನವು ಬದುಕಿದ್ದವು. ಅಡಿಯಲ್ಲಿದ್ದವು ಇನ್ನೂ ಬೆಚ್ಚಗಿದ್ದವು, ಉಸಿರಿರಲಿಲ್ಲ.

"ಶರ್ಟೆಲ್ಲಿ ಅತ್ತೆ? ಇಲ್ಲಿ ಬಾಗಿಲ ಮೊಳೆಯಲ್ಲಿದ್ದ ನೀಲಿ ಶರ್ಟು?"

ಮಗ ಅನಂತರಾಜು ಶೆಡ್ಡಿಗೆಂದೇ ಇಟ್ಟುಕೊಂಡಿದ್ದ ಶರ್ಟು ಅದು. ಮನೆ ಬಟ್ಟೆಯಲ್ಲಿ ಒಳಗೆ ಹೋದರೆ ರೋಗ ಹೊತ್ತುಕೊಂಡು ಹೋದ ಹಾಗೆ ಅನ್ನುತ್ತಿದ್ದ. ಬಾಗಿಲು ತಟ್ಟಿ, "ಬಂದೆ ಕಣ್ರಪ್ಪಾ" ಅಂತ ಕೂಗಿಯೇ ಕಾಲಿಡುವುದು. ಮರಿಗಳು ಬಲ್ಬಿನ ಕೆಳಗೆ ಹರಡಿಕೊಂಡು ಕೂತಿದ್ದರೆ, "ನೋಡವ್ವ, ಕಾವು ಸರಿಯಾಗೈತೆ. ಮುದುರ್ಕೊಂಡಿದ್ರೆ ಚಳಿ ಅಂತ ತಿಳ್ಕೊ" ಅಂತ ಅಮ್ಮನಿಗೂ ಪಾಠ. ಈ ಮರಿಗಳು ಬಂದ ವಾರವೇ ಗುಬ್ಬಿ ರಸ್ತೆಯಲ್ಲಿ ಲಾರಿ ಗುದ್ದಿ ಹೋಗಿಬಿಟ್ಟ. ಅವನು ಹೋದ ದಿನವೂ ಮರಿಗಳಿಗೆ ನೀರು ಬೇಕಿತ್ತಲ್ಲ. ಸುಧಾ ಅತ್ತುಕೊಂಡೇ ಆ ಶರ್ಟನ್ನು ಸೀರೆ ಮೇಲೆ ಹಾಕಿಕೊಂಡು ಒಳಗೆ ಹೋದಳು. "ಸೂತಕದಲ್ಲಿ ಗಂಡಸಿನ ಬಟ್ಟೆ ಹಾಕ್ಕಂಡು ಕೋಳಿ ನೋಡ್ತಾವ್ಳೆ" ಅಂತ ಊರವರು ಆಡಿಕೊಂಡರು. ಮರಿ ಮಾತ್ರ ಒಂದೂ ಬೆದರಲಿಲ್ಲ.

ತಿಥಿಗೆ ಕುಣಿಗಲ್‌ನಿಂದ ಸುಧಾಳ ಅಣ್ಣ ಹನುಮಂತರಾಜು ತಂಗಿಯನ್ನು ಕರೆದೊಯ್ಯಲೆಂದೇ ಬಂದಿದ್ದ. "ಈ ಮರಿ ಚೆನ್ನಾಗಿ ಬೆಳುದ್ರೆ ನಾನಿಲ್ಲೇ ಇರ್ತೀನಿ ಕಣಣ್ಣ. ಇಲ್ಲಾಂದ್ರೆ ನೀನು ಹೇಳ್ದಂಗೆ" ಅಂದಿದ್ದಳು ಸುಧಾ.

ಗಂಗಲಕ್ಷ್ಮಮ್ಮ ಬರಿದಾದ ಮೊಳೆಯ ಕಡೆ ನೋಡಿದಳು. "ಸತ್ತೋರ ಬಟ್ಟೆ ಒಂದೂ ಇಟ್ಕಬಾರ್ದು ಅಂದ್ರು. ನಿನ್ನೆ ಎಲ್ಲಾ ಗಂಟು ಕಟ್ಟಿ ಕೂಲಿ ಅಡವಿಯಪ್ಪಂಗೆ ಕೊಟ್ಬುಟ್ಟೆ ಕಣವ್ವ. ಅದೂ ಸೇರ್ಕಂತು."

ಸುಧಾ ಮತ್ತೆ ಮರಿಗಳ ಕಡೆ ಬಗ್ಗಿದಳು. ತವರಿನವರು ನಿನ್ನೆ ಉಡಿಸಿದ್ದ ಹೊಸ ಸೀರೆ ಅವಳ ಮೈಮೇಲೆ ಸರಸರ ಅನ್ನುತ್ತಿತ್ತು. ಅದನ್ನು ಕಂಡೇ ಮರಿಗಳು ಓಡಿದ್ದು.

ಹನುಮಂತರಾಜು ಹಳ್ಳ ತೋಡಿ, ಸುಣ್ಣ ಹಾಕಿ, ಸತ್ತ ಮರಿಗಳನ್ನು ಮುಚ್ಚಿದ. "ಸಾಕು ಬಾರಮ್ಮ. ನಿನ್ನ ಕೈಲಾಗೋ ಕೆಲಸ ಅಲ್ಲ ಇದು. ಬಟ್ಟೆ ಜೋಡುಸ್ಕೊ."

ಗಂಗಲಕ್ಷ್ಮಮ್ಮ ಯಾರಿಗೂ ಹೇಳದೆ ಗೂಳೂರಿನ ದಾರಿ ಹಿಡಿದಳು. ತೆಂಗಿನ ತೋಟವೊಂದರಲ್ಲಿ ಬಗ್ಗಿ ಪಾತಿ ಮಾಡುತ್ತಿದ್ದ ನೀಲಿ ಬೆನ್ನು ಕಂಡಿತು.

"ಅನಂತೂ!" ಅಂದುಬಿಟ್ಟಳು.

ತಿರುಗಿದ್ದು ಅಡವಿಯಪ್ಪ. "ನಾನು ಕಣಕ್ಕ..." ಅಂದವನು ಅವಳ ಮುಖ ನೋಡಿ, ಕೇಳುವ ಮೊದಲೇ ಗುಂಡಿ ಬಿಚ್ಚತೊಡಗಿದ. "ತಗೊಳ್ಳಕ್ಕ. ನಂಗೆ ತೋಳು ಉದ್ದವೇ ಆಗಿತ್ತು ಬುಡು."

ಸಂಜೆ ಸುಧಾ ಹಳೇ ಸೀರೆಯ ಮೇಲೆ ಆ ಶರ್ಟು ಹಾಕಿಕೊಂಡು ಶೆಡ್ಡಿನ ಬಾಗಿಲು ತಟ್ಟಿದಳು. ಕೂಗಲು ದನಿ ಏಳಲಿಲ್ಲ. ಹಿಂದೆ ನಿಂತಿದ್ದ ಮುದುಕಿಯೇ, "ಬಂದೆ ಕಣ್ರಪ್ಪಾ" ಅಂದಳು. ಮರಿಗಳು ಕತ್ತೆತ್ತಿ ನೋಡಿ ಮತ್ತೆ ಮೇವಿಗೆ ಬಗ್ಗಿದವು.

ಹನುಮಂತರಾಜು ಜಾಲರಿಯಾಚೆಯಿಂದ ಅದನ್ನೇ ನೋಡುತ್ತ ನಿಂತಿದ್ದ. "ಆಯ್ತು ಬುಡು. ಈ ಬ್ಯಾಚ್ ಹೋಗ್ಲಿ, ಆಮೇಲೆ ಬರ್ತೀನಿ" ಅಂತ ಒಬ್ಬನೇ ಬೈಕ್ ಹತ್ತಿದ.

ಈಗ ಬೆಳಿಗ್ಗೆಯಾದರೆ ಗಂಗಲಕ್ಷ್ಮಮ್ಮ ಅಡುಗೆಮನೆ ಕಿಟಕಿಗೆ ಬಂದು ನಿಲ್ಲುತ್ತಾಳೆ. ಶೆಡ್ಡಿನ ಬಾಗಿಲಲ್ಲಿ ನೀಲಿ ಶರ್ಟು ಬೆನ್ನು ತಿರುಗಿಸಿ ಒಳಗೆ ಹೋಗುತ್ತದೆ. ಕಣ್ಣು ಕೆಳಗೆ ಜಾರದ ಹಾಗೆ ಆ ಬೆನ್ನಿನ ಮೇಲೇ ನಿಲ್ಲಿಸಿಕೊಂಡಿರುತ್ತಾಳೆ. ಸೀರೆಯ ಅಂಚು ಕಂಡಿತೋ, ಅಲ್ಲಿಗೆ ಮುಗಿಯಿತು.