ಏನನ್ನೂ ತಯಾರಿಸದವಳು

ಕಾರು ಮಾರಿದ ಮೇಲೆ ತಾನಿದ್ದ ಎಲೆನ್‌ಬ್ರೂಕ್ ಬಡಾವಣೆ ನಗರದಿಂದ ಎಷ್ಟು ದೂರದಲ್ಲಿದೆ ಎಂಬುದು ಇಂದುಮತಿಗೆ ಗೊತ್ತಾಯಿತು. ಒಂದು ಬಸ್ಸು, ಒಂದು ರೈಲು, ಮತ್ತೆ ಇನ್ನೊಂದು ರೈಲು. 2016ರ ಫೆಬ್ರವರಿ, ಆ ದೇಶದಲ್ಲಿ ಕಡುಬೇಸಿಗೆ. ಬಸ್ ಸ್ಟಾಪಿನ ಕಬ್ಬಿಣದ ಬೆಂಚು ಕಾದ ಕಾವಲಿಯಾಗಿತ್ತು. ಅವಳು ನಿಂತೇ ಇದ್ದಳು. ಮಾತಾಡಲು ಪಕ್ಕದಲ್ಲಿ ಯಾರೂ ಇರಲಿಲ್ಲ. ಮನೆಯಲ್ಲೂ ಇರಲಿಲ್ಲ. ಕೆಲಸಕ್ಕೆಂದು ಬ್ರಿಸ್ಬೇನ್‌ಗೆ ಹೋದ ಗಂಡ ಅಲ್ಲೇ ಇನ್ನೊಂದು ಸಂಸಾರ ಹೂಡಿ ವರ್ಷಗಳಾಗಿದ್ದವು.

ಹೊರಟಿದ್ದು ಕ್ಯಾನಿಂಗ್ಟನ್ನಿನ ಸರ್ಕಾರಿ ಕಚೇರಿಗೆ. ಅವಳ ಕಂಪನಿ ನೀರಿನ ಪಂಪು ಮಾಡುತ್ತಿತ್ತು. ಮುಂದಿನ ಶೆಡ್ಡಿನಲ್ಲಿ ಪಂಪು ಜೋಡಿಸುವವರು. ಹಿಂದಿನ ಕೋಣೆಯಲ್ಲಿ ಇಂದುಮತಿಯಂಥವರು, ಪಂಪು ಕೆಟ್ಟಿತೆಂದು ಫೋನ್ ಮಾಡುವ ಗಿರಾಕಿಗಳಿಗೆ ಉತ್ತರ ಹೇಳುವವರು. ಒಂದೇ ಗೇಟು, ಒಂದೇ ಕ್ಯಾಂಟೀನು. ಲಾಭ ಸಾಲದೆಂದು ಯಜಮಾನರು ಶೆಡ್ಡನ್ನು ಚೀನಾಕ್ಕೂ ಫೋನನ್ನು ಮೈಸೂರಿಗೂ ಸಾಗಿಸಿದರು. ಕೆಲಸ ಪರದೇಶಕ್ಕೆ ಹೋಗಿ ಬೀದಿಗೆ ಬಿದ್ದವರಿಗೆ ಸರ್ಕಾರ ಹೊಸ ಕೆಲಸ ಕಲಿಸುತ್ತದೆ, ಕಲಿಯುವಷ್ಟು ದಿನ ಮನೆ ನಡೆಸಲೂ ಕೊಡುತ್ತದೆ ಎಂದು ಶೆಡ್ಡಿನವರು ಹೇಳಿದ್ದರು. ಅದು ಸಿಕ್ಕರೆ ಅವಳು ವೃದ್ಧರ ಆರೈಕೆಯ ಕೋರ್ಸು ಸೇರಬಹುದು. ಸಿಗದಿದ್ದರೆ ಬಾಡಿಗೆ ಮನೆ ಬಿಡಬೇಕು. ಬಿಟ್ಟು ಹೋಗಲು ಬೇರೆ ಮನೆ ಇರಲಿಲ್ಲ.

ಕೆಲಸ ಹೋದ ರೀತಿ ನೆನೆದರೆ ಅವಳಿಗೆ ತನ್ನ ಮೇಲೆಯೇ ಸಿಟ್ಟು. ಮೈಸೂರಿನ ಹೊಸ ಹುಡುಗಿಯರಿಗೆ ನೀನೇ ತರಬೇತಿ ಕೊಡು, ನಿನಗೆ ಅವರ ಭಾಷೆ ಬರುತ್ತಲ್ಲ ಎಂದಿದ್ದ ಮ್ಯಾನೇಜರ್. ಹೆಡ್‌ಸೆಟ್ ಹಾಕಿಕೊಂಡ ಮೊದಲ ದಿನವೇ ಭಾವನಾ ಎಂಬ ಹುಡುಗಿ, "ಅಕ್ಕಾ, ತಿಂಡಿ ಆಯ್ತಾ?" ಅಂದಳು. ಆ ಮಾತನ್ನು ಯಾರಾದರೂ ಕೇಳಿ ಎಷ್ಟು ಕಾಲವಾಗಿತ್ತೋ! ಇಂದುಮತಿ ಕರಗಿಹೋದಳು. ಕಿವಿಗೆ ಕನ್ನಡ ಬೀಳುವ ಆಸೆಗೆ ಪಾಠವನ್ನು ಎಳೆದೆಳೆದು ಹೇಳಿದಳು. ಯಾವ ಗಿರಾಕಿ ಕಿರುಚುತ್ತಾನೆ, ಯಾವ ಅಜ್ಜನಿಗೆ ಕಿವಿ ಮಂದ, ಒಂದನ್ನೂ ಮುಚ್ಚಿಡಲಿಲ್ಲ. ಕೂತ ಕೊಂಬೆಯನ್ನೇ ಕಡಿಯುತ್ತಿದ್ದೇನೆ ಎಂದು ಪುಣ್ಯಾತ್ಗಿತ್ತಿಗೆ ಹೊಳೆಯಲೇ ಇಲ್ಲ. ಕಲಿಸಿ ಮುಗಿದ ಶುಕ್ರವಾರ ಮ್ಯಾನೇಜರ್ ಕೇಕು ಕತ್ತರಿಸಿ ಬೀಳ್ಕೊಟ್ಟ.

ಕಚೇರಿಯ ಮೇಜಿನ ಹಿಂದೆ ಕೂತಿದ್ದವರು ರಾಜಗೋಪಾಲ. ಕನ್ನಡದವರ ಯುಗಾದಿ ಕೂಟದಲ್ಲಿ ಅವಳು ಮಾಡಿದ ಒಬ್ಬಟ್ಟನ್ನು ಕೇಳಿ ಕೇಳಿ ಹಾಕಿಸಿಕೊಂಡ ಮನುಷ್ಯ. ಇಲ್ಲಿ ಗುರುತೇ ಇಲ್ಲದವರಂತೆ ಇಂಗ್ಲಿಷಿನಲ್ಲಿ ಶುರು ಮಾಡಿದರು. ಅಕ್ಕಪಕ್ಕದ ಮೇಜಿನವರು ಎದ್ದುಹೋದ ಮೇಲೆ ದನಿ ತಗ್ಗಿಸಿದರು.

"ನೋಡಮ್ಮ, ಈ ಸ್ಕೀಮು ಗೂಡ್ಸ್ ಮಾಡೋರಿಗೆ. ನಿಮ್ದು ಸರ್ವೀಸು. ನೀವೇನೂ ತಯಾರ್ ಮಾಡ್ತಿರ್ಲಿಲ್ವಲ್ಲ."

"ಅಂಕಲ್, ಒಂದೇ ಕಂಪ್ನಿ. ಶೆಡ್ಡಿನವ್ರನ್ನ ಕಳಿಸಿದ ವಾರಾನೇ ನಮ್ಮನ್ನೂ ಕಳಿಸಿದ್ರು."

"ನಂಗೊತ್ತಿಲ್ವಾ? ಆದ್ರೆ ರೂಲು ಹಂಗಿದೆ."

"ಮಿಷಿನ್ನು ಹಡಗು ಹತ್ತಿ ಹೋದ್ರೆ ಕೆಲ್ಸ ಹೋಯ್ತು ಅಂತೀರ. ಫೋನು ವೈರಲ್ಲಿ ಹೋದ್ರೆ ಹೋಗಿಲ್ವಾ? ನಾಳೆಯಿಂದ ನಾನೇನ್ ತಿನ್ಲಿ, ರೂಲಾ?"

"ಸಿಟ್ಟಾಗ್ಬೇಡಿಮ್ಮ. ದೂರ ಆದ್ರೂ ಅಡಿಲೇಡ್ ಕಡೆ ಬೇರೆ ಕೆಲ್ಸ ಏನಾದ್ರೂ ಸಿಗತ್ತಾ ನೋಡಿ," ಎಂದು ಅವರು ಮುಂದಿನವರನ್ನು ಕರೆದರು.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ದೇವರೇ ಕೊಟ್ಟಿಲ್ಲ, ಪೂಜಾರಿಯನ್ನು ಬೈದು ಏನು ಬಂತು? ಅದೇ ಕಚೇರಿಯಲ್ಲಿ ಸರದಿಗೆ ನಿಂತಿದ್ದ ಶೆಡ್ಡಿನವರು ಅವಳ ಭುಜ ತಟ್ಟಿ ತಮ್ಮ ಸಾಲಿನಲ್ಲಿ ಮುಂದೆ ಸರಿದರು. ಅವಳೊಬ್ಬಳೇ ಹೊರಗೆ ಬಂದಳು. ಶಾಪಿಂಗ್ ಸೆಂಟರಿನ ಗೋಡೆಯ ನೆರಳಲ್ಲಿ ಕೂತು ಅತ್ತಳು. ನೂರಾರು ಜನ ಹಾದುಹೋದರು.

ಯಾರ ಹತ್ತಿರವಾದರೂ ಹೇಳಿಕೊಳ್ಳಬೇಕು ಅನ್ನಿಸಿತು. ಯಾರಿದ್ದಾರೆ? ಕೊನೆಗೆ ಪಂಪು ಕಂಪನಿಗೆ ಗಿರಾಕಿಗಳು ಫೋನ್ ಮಾಡುವ ನಂಬರನ್ನೇ ಒತ್ತಿದಳು. ಎತ್ತಿದ ಹುಡುಗಿಗೆ, ಭಾವನಾಳಿಗೆ ಫೋನ್ ಕೊಡಿ ಎಂದಳು.

"ಅಕ್ಕಾ! ಹೆಂಗಿದೀರ? ಅಲ್ಲಿ ನಿಮ್ಮನ್ನೆಲ್ಲ ಸರ್ಕಾರ ನೋಡ್ಕೊಂಡಿದೆ, ಯಾರ್ಗೂ ತೊಂದ್ರೆ ಆಗಿಲ್ಲ ಅಂತ ನಮ್ಗೆ ಹೇಳಿದ್ರು."

ಇಂದುಮತಿಗೆ ಮೈಯೆಲ್ಲ ಉರಿಯಿತು.

"ಹಂಗಂತ ಹೇಳಿದ್ರಾ? ಶೆಡ್ಡಿನವ್ರಿಗೆ ಕೊಡ್ತಾರೆ. ಫೋನಿನವ್ರಿಗೆ ಏನೂ ಇಲ್ಲ. ನಾವೇನೂ ತಯಾರ್ ಮಾಡಿಲ್ವಂತೆ. ಭಾವನಾ, ನಾಳೆ ನಿನ್ ಮುಂದೆನೂ ಯಾರ್ನೋ ತಂದು ಕೂರಿಸ್ತಾರೆ, ಕಲಿಸು ಅಂತಾರೆ. ಅವತ್ತು ನನ್ ಥರ ಒಬ್ಳೇ ಕೂತು ಕಲಿಸ್ಬೇಡ. ಎಲ್ರೂ ಸೇರಿ ಕೇಳಿ, ಆಮೇಲೆ ನಮ್ ಗತಿ ಏನು ಅಂತ."



"ಅಕ್ಕಾ, ಈ ಕಾಲ್ ರೆಕಾರ್ಡ್ ಆಗ್ತಿದೆ," ಭಾವನಾ ಪಿಸುಗುಟ್ಟಿದಳು.

"ಆಗ್ಲಿ ಬಿಡು. ನನ್ನಿಂದ ಇನ್ನೇನ್ ಕಿತ್ಕೊಳ್ತಾರೆ?"

ಕುರ್ಚಿಗಳನ್ನು ಎಳೆದಾಡಿದ ಸದ್ದು. ಹುಡುಗಿಯರ ಗುಜುಗುಜು ಹತ್ತಿರವಾಯಿತು.

"ಸ್ಪೀಕರಿಗೆ ಹಾಕಿದೀನಿ ಅಕ್ಕಾ. ಎಲ್ರೂ ಇಲ್ಲೇ ಇದಾರೆ. ಇನ್ನೊಂದ್ಸಲ ಹೇಳಿ."