ಈನೋಕ್ ಟೋವಿಯ ಶನಿವಾರಗಳು

"ಅದನ್ನ ಮುಟ್ಟಬೇಡಿ!" ಮ್ಯೂರಿಯಲ್ ಆ ಅಪರಿಚಿತನ ಕೈಯಿಂದ ಅಪ್ಪನ ಚಿತ್ರಗಳ ಆಲ್ಬಮ್ ಕಿತ್ತುಕೊಂಡಳು. ಅಪ್ಪನನ್ನು ಮಣ್ಣು ಮಾಡಿ ಬಂದು ಇನ್ನೂ ಗಂಟೆಯಾಗಿರಲಿಲ್ಲ.

"ಸಿಗರೇಟು ಚೀಟಿ ಸಂಗ್ರಹಿಸೋನೇ ಇರಬೇಕು," ಕೆಜಾಯ ಅತ್ತೆ ಪಿಸುಗುಟ್ಟಿದಳು. "ಪೇಪರಲ್ಲಿ ಸಾವಿನ ಸುದ್ದಿ ನೋಡ್ಕೊಂಡು ಬಂದುಬಿಡ್ತಾವೆ. ಸ್ಮಶಾನದಲ್ಲೂ ಇವನ ಕಣ್ಣು ನಿನ್ನ ಮೇಲೇ ಇತ್ತು ಕಣೇ."

ಸಿಗರೇಟು ಪೊಟ್ಟಣದೊಳಗಿನ ಚೀಟಿಗಳಿಗೆ ಚಿತ್ರ ಬರೆದೇ ಅವಳಪ್ಪ ಈನೋಕ್ ಟೋವಿ ಮೂವತ್ತು ವರ್ಷ ಬೆಡ್‌ಮಿನ್‌ಸ್ಟರಿನಲ್ಲಿ ಸಂಸಾರ ನಡೆಸಿದ್ದ. ಊರೂರಿನ ಲಾಂಛನಗಳು, ಗುರಾಣಿ ಹಿಡಿದ ಸಿಂಹಗಳು, ಆಮೇಲೆ ವಾದ್ಯಗಾರರು. ಆತ ಹುಟ್ಟುಕಿವುಡ.

*

ಶನಿವಾರ ಮಧ್ಯಾಹ್ನವಾದರೆ ಸಾಕು, ಅಪ್ಪ ಗಡ್ಡ ಹೆರೆದು, ಒಳ್ಳೆ ಕೋಟು ತೊಟ್ಟು ಹೊರಟುಬಿಡುತ್ತಿದ್ದ. ಎಲ್ಲಿಗೆ ಎಂದು ಅಮ್ಮ ಸ್ಲೇಟಿನಲ್ಲಿ ಬರೆದರೆ, "ಕೆಲಸ" ಎಂದು ಬರೆಯುತ್ತಿದ್ದ. ಆ ಹೊತ್ತಿಗೆ ಮುದ್ರಣಾಲಯ ಮುಚ್ಚಿರುತ್ತದೆಂದು ಅಮ್ಮನಿಗೆ ಗೊತ್ತಿತ್ತು. ಒಂದು ದಿನ ಹೊಸ ಚೀಟಿಯಲ್ಲಿ ಹಾರ್ಪ್ ಎಂಬ ದೊಡ್ಡ ತಂತಿವಾದ್ಯ ನುಡಿಸುವ ಹೆಂಗಸನ್ನು ಕಂಡು, "ಅವರ ಶನಿವಾರದವಳು ಇವಳೇ," ಎಂದಳು ಅಮ್ಮ. ಅಮ್ಮ ಸತ್ತಾಗ ಆ ಚೀಟಿ ಅವಳ ದಿಂಬಿನಡಿ ಸಿಕ್ಕಿತು.

*

"ಯಾರ್ರೀ ನೀವು?" ಮ್ಯೂರಿಯಲ್ ಆ ಅಪರಿಚಿತನನ್ನು ಕೇಳಿದಳು.

"ಗಲ್ಲಿಕ್ ಅಂತ. ಬ್ಯಾಂಡಲ್ಲಿ ದೊಡ್ಡ ಡೋಲು ಬಾರಿಸ್ತೀನಿ. ನಿಮ್ಮಪ್ಪ ಪ್ರತಿ ಶನಿವಾರ ನಮ್ಮ ತಾಲೀಮಿಗೆ ಬರ್ತಿದ್ರು. ಅವರ ಚೀಟಿಗಳನ್ನ ಒಂದ್ಸಲ ನೋಡೋಣ ಅಂತ..."

ಅತ್ತೆ ಪಕ್ಕನೆ ನಕ್ಕುಬಿಟ್ಟಳು. "ಕಿವುಡ ಸಂಗೀತ ಕೇಳೋಕೆ ಬರ್ತಿದ್ನಾ? ಸುಳ್ಳು ಹೇಳೋಕೂ ಒಂದು ಮಿತಿ ಬೇಡ್ವೇನ್ರಿ?"

"ಹೀಗೆ ನಗ್ತೀರ ಅಂತಾನೇ ಅವರು ಮನೇಲಿ ಹೇಳ್ಲಿಲ್ಲ, ಅಮ್ಮಾವ್ರೇ."

ಮ್ಯೂರಿಯಲ್ ನಗಲಿಲ್ಲ. "ಹಾರ್ಪ್ ನುಡಿಸೋಳು ಯಾರು?"

"ಹಾರ್ಪಾ?" ಅವನು ನಿಜಕ್ಕೂ ತಬ್ಬಿಬ್ಬಾದ. "ನಮ್ಮಲ್ಲಿ ಹೆಂಗಸರೇ ಇಲ್ವಲ್ಲ. ಯಾವುದೋ ಪುಸ್ತಕ ನೋಡಿ ಬರೆದಿರ್ಬೇಕು."

ಎಷ್ಟು ಸಲೀಸಾಗಿ ಹೇಳಿಬಿಟ್ಟ! ಅಪ್ಪನ ಗುಟ್ಟು ಮುಚ್ಚಲು ಆ ಹೆಂಗಸೇ ಇವನನ್ನು ಕಳಿಸಿದ್ದರೆ?

"ಎಲ್ಲಿ ನಿಮ್ಮ ತಾಲೀಮು? ತೋರಿಸಿ ನಡೀರಿ," ಎಂದು ಅವಳು ಆಲ್ಬಮ್ಮನ್ನು ಬೀರುವಿನಲ್ಲಿಟ್ಟು ಬೀಗ ಜಡಿದು, ಕಪ್ಪು ಬಟ್ಟೆಯಲ್ಲೇ ಹೊರಟಳು.

ಎರಡು ಬೀದಿ ದಾಟಿದರೆ ಇಗರ್ಜಿಯ ಹಿಂದಿನ ಹಾಲ್. ಮೂಲೆಯಲ್ಲಿ ಡೋಲು, ಅದಕ್ಕೆ ಒತ್ತಿಕೊಂಡಂತೆ ಒಂದು ಕುರ್ಚಿ.

"ಅಲ್ಲೇ ಕೂರ್ತಿದ್ರು," ಎಂದ ಗಲ್ಲಿಕ್. "ಕಣ್ಣು ಮುಚ್ಕೊಂಡು."

ಮ್ಯೂರಿಯಲ್ ಬಗ್ಗಿ ನೋಡಿದಳು. ಡೋಲಿನ ಮೈಮೇಲೆ ಊರಿನ ಲಾಂಛನ: ಕೋಟೆ, ಹಡಗು, ಆಚೀಚೆ ಒಂಟಿಕೊಂಬಿನ ಕುದುರೆಗಳು. ಅಪ್ಪನದೇ ಕುಂಚ. ಆದರೆ ಕುರ್ಚಿಯ ಕಡೆಯ ಕುದುರೆಗೆ ಎದೆಯೇ ಇರಲಿಲ್ಲ. ಅಲ್ಲಿ ಬಣ್ಣವೆಲ್ಲ ಸವೆದು ಬರಿಯ ಮರ ಕಾಣುತ್ತಿತ್ತು, ಅಂಗೈಯಗಲ, ಐದು ಬೆರಳುಗಳ ಗುರುತಿನ ಸಮೇತ.