ಭಾವನಿಗೆ ಹೇಳಬೇಕಾದ ಮಾತು

ಆ ಬೀದಿಯ ಕ್ಷೌರದಂಗಡಿಯವನಿಗೆ ಹುಟ್ಟಿದಾಗ ಇಟ್ಟ ಹೆಸರೊಂದು ಇದ್ದೇ ಇತ್ತು, ಆದರೆ ಅದನ್ನು ಅವನ ಹೆಂಡತಿಯೂ ಮರೆತಂತಿದ್ದಳು. ಎಲ್ಲರಿಗೂ ಅವನು ರೇಡಿಯೋ. ಕತ್ತರಿ ಕೈಗೆ ಬಂತೆಂದರೆ ಬಾಯಿಯೂ ಶುರು. ಹಲ್ಲುನೋವು ಅಂತ ಕೆನ್ನೆ ಹಿಡಿದುಕೊಂಡು ಬಂದವನನ್ನೂ ನಗಿಸಿ ಕಳಿಸುವ ಆಸಾಮಿ. ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆಯನ್ನು ಹಿರಿಯರು ತನ್ನನ್ನು ನೋಡಿಯೇ ಮಾಡಿದ್ದು ಎಂದು ನಂಬಿದ್ದ.

ಅಂಥವನ ಬಾಯಿಗೆ ಬೀಗ ಬಿದ್ದದ್ದು ಅಕ್ಕ ಸತ್ತ ದಿನ. ಬೀಗ ಬೀಳುವುದಕ್ಕೆ ಮೊದಲು ಒಂದು ಮಾತು ಹೊರಗೆ ಬಿದ್ದಿತ್ತಲ್ಲ, ಎಡವಟ್ಟಾದದ್ದು ಅದರಿಂದಲೇ. ಆಸ್ಪತ್ರೆಯಲ್ಲಿ ಗೋಡೆಗೊರಗಿ ನಿಂತಿದ್ದ ಅಕ್ಕನ ಗಂಡನ ಹತ್ತಿರ ಹೋಗಿ, ಎಲ್ಲರೂ ಹೇಳುವ ಹಾಗೆ, "ಒಳ್ಳೆಯವರನ್ನ ದೇವರು ಬೇಗ ಕರ್ಕೊಂಡ್ಬಿಡ್ತಾನೆ ಭಾವ" ಎಂದುಬಿಟ್ಟ. ಭಾವ ತಲೆಯೆತ್ತಿ ನೋಡಿ, "ಹಾಗಾದ್ರೆ ಅವಳು ಸ್ವಲ್ಪ ಕೆಟ್ಟವಳಾಗಿದ್ರೆ ಉಳ್ಕೋತಿದ್ಲೇನೋ?" ಎಂದು ಕೇಳಿದ. ಕೂಗಲಿಲ್ಲ, ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಆಮೇಲೆ ಭಾವನ ಎದುರು ಬಾಯಿಬಿಡುವ ಧೈರ್ಯ ರೇಡಿಯೋಗೆ ಬರಲಿಲ್ಲ.

ಭಾವ ಸಿಟಿ ಬಸ್ಸಿನ ಡ್ರೈವರ್. ಬಸ್ಸು ಹಾದುಹೋಗುವುದು ಈ ಅಂಗಡಿಯ ಮುಂದೆಯೇ. ಮೊದಲೆಲ್ಲ ಹಾರ್ನ್ ಹೊಡೆದು ಕೈಬೀಸುತ್ತಿದ್ದವನು ಈಗ ರಸ್ತೆ ಬಿಟ್ಟು ಕಣ್ಣು ಕದಲಿಸುತ್ತಿರಲಿಲ್ಲ. ಬಸ್ಸು ಬರುವ ಹೊತ್ತಿಗೆ ಸರಿಯಾಗಿ ರೇಡಿಯೋಗೂ ಒಳಗೆ ಟವೆಲ್ ಮಡಚುವ ಕೆಲಸ ನೆನಪಾಗುತ್ತಿತ್ತು. ಮಡಚಿಟ್ಟದ್ದನ್ನೇ ಬಿಚ್ಚಿ ಮತ್ತೆ ಮಡಚುತ್ತಿದ್ದ.

ಹೀಗಿರುವಾಗ ಅಕ್ಕನ ಮಗಳು ಬಂದಳು. ಹೈಸ್ಕೂಲಿನ ಹುಡುಗಿ. ಅಂಗಡಿಯಲ್ಲಿ ಯಾರೂ ಇಲ್ಲದ್ದನ್ನು ನೋಡಿಕೊಂಡೇ ಒಳಗೆ ಕಾಲಿಟ್ಟಳು.

"ಮಾವ, ಅಪ್ಪ ನನ್ನ ಹತ್ರ ಮಾತೇ ಆಡಲ್ಲ. ಊಟ ಮಾಡ್ತಾರೆ, ಎದ್ದು ಹೋಗ್ತಾರೆ. ನಾನು ಏನಾದ್ರೂ ಕೇಳಿದ್ರೆ ಆ ಕಡೆ ಮುಖ ತಿರುಗಿಸ್ತಾರೆ."

"ದುಃಖ ಕಣಮ್ಮ ಅದು."

"ದುಃಖ ಅಲ್ಲ, ಕೋಪ. ಅಮ್ಮ ಎದೆನೋವು ಅಂದಾಗ ನಾನು ಪಕ್ಕದ ಮನೆಯವರನ್ನ ಕರೀಬೇಕಿತ್ತು. ಗಾಬರೀಲಿ ಏನ್ಮಾಡ್ಬೇಕೋ ತಿಳೀಲಿಲ್ಲ. ತಡ ಆಗೋಯ್ತು. ಅದಕ್ಕೇ ಅಪ್ಪಂಗೆ ನಾನು ಬೇಡವಾಗಿದೀನಿ." ಹುಡುಗಿ ತುಟಿ ಕಚ್ಚಿಕೊಂಡಳು. "ನೀನು ಎಲ್ಲರನ್ನೂ ಮಾತಾಡಿಸ್ತೀಯಲ್ಲ ಮಾವ, ಅಪ್ಪನ್ನೂ ಒಂದ್ಸಲ ಮಾತಾಡ್ಸು."

ಅಯ್ಯೋ, ಈ ಕೂಸು ಇಂಥ ಭಾರವನ್ನು ತಲೆಯ ಮೇಲೆ ಹೊತ್ತುಕೊಂಡು ಓಡಾಡುತ್ತಿದೆಯೇ ಎಂದುಕೊಂಡ ರೇಡಿಯೋ. "ಭಾನುವಾರ ಕರ್ಕೊಂಡು ಬಾ. ಹೇಗೂ ಗಡ್ಡ ಬೆಳೆದಿದೆ, ಅದೇ ನೆಪ" ಎಂದ. ಹೇಳಿದ್ದೇನೋ ಆಯಿತು, ಭಾವ ಬಂದು ಕೂತರೆ ಏನು ಹೇಳುವುದೆಂದು ಮಾತ್ರ ಗೊತ್ತಿರಲಿಲ್ಲ.

ಮನೆಯಲ್ಲಿ ಕನ್ನಡಿ ಎದುರು ತಾಲೀಮು ಶುರುವಾಯಿತು.

"ಧೈರ್ಯ ತಂದ್ಕೊಳ್ಳಿ ಭಾವ."

"ಎಲ್ಲಿಂದ ತರೋದು? ಅಂಗಡೀಲಿ ಸಿಗುತ್ತಾ?" ಎಂದಳು ಪಾತ್ರೆ ಒರೆಸುತ್ತಿದ್ದ ಹೆಂಡತಿ.

"ಕಾಲ ಎಲ್ಲಾನೂ ಮರೆಸುತ್ತೆ ಭಾವ."

"ಅವರಿಗೆ ಮರೀಬೇಕು ಅಂತ ಇದೆಯೇನ್ರೀ?"

"ಮತ್ತೆ ನೀನೇ ಹೇಳೇ ಮಾರಾಯ್ತಿ, ಏನನ್ಲಿ?"

"ನಂಗೇನ್ಗೊತ್ತು? ರೇಡಿಯೋ ನೀವಾ, ನಾನಾ?" ಎಂದು ರೇಗಿದವಳು ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟಳು. "ಅತ್ತಿಗೆ ಇದ್ದಿದ್ರೆ ಅವರನ್ನೇ ಕೇಳಬಹುದಿತ್ತು. ಅವರಿಗೆ ಇಂಥದೆಲ್ಲ ಚೆನ್ನಾಗಿ ಬರ್ತಿತ್ತು."

ಮಿಕ್ಕ ಪಾತ್ರೆಗಳು ಒರೆಸದೆ ಹಾಗೇ ಉಳಿದವು.

ಭಾನುವಾರ ಮಧ್ಯಾಹ್ನ ಹುಡುಗಿ ಅಪ್ಪನನ್ನು ಕೈಹಿಡಿದು ಕರೆತಂದು ಕುರ್ಚಿಯಲ್ಲಿ ಕೂರಿಸಿದಳು. ಪೆನ್ನು ತರುತ್ತೇನೆಂದು ಎದುರಿನ ಅಂಗಡಿಗೆ ಹೋದಳು. ಭಾವನ ಮುಖ ಇಳಿದುಹೋಗಿತ್ತು. ಗಡ್ಡದ ಬಿಳಿಯೆಲ್ಲ ಈಗೀಗ ಬಂದದ್ದು. ರೇಡಿಯೋ ಬಿಳಿ ಬಟ್ಟೆ ಕೊಡವಿ ಹೊದಿಸಿದ, ಕುತ್ತಿಗೆಯ ಹಿಂದೆ ಗಂಟು ಹಾಕಿದ. ಗಂಟು ಬಿಗಿಯುತ್ತಿದ್ದ ಹಾಗೆಯೇ ಬಾಯಿಂದ ಬಂದುಬಿಟ್ಟಿತು:

"ಮತ್ತೆ, ಮನೇಲಿ ಎಲ್ರೂ ಚೆನ್ನಾಗಿದಾರಾ?"

ಇಷ್ಟು ವರ್ಷ ಗಂಟು ಹಾಕುವಾಗಲೆಲ್ಲ ಬಂದವರನ್ನೆಲ್ಲ ಕೇಳಿದ ಮಾತದು. ಯಾರೂ ಸರಿಯಾಗಿ ಉತ್ತರ ಕೊಡುತ್ತಿರಲಿಲ್ಲ, ಇವನೂ ಕಾಯುತ್ತಿರಲಿಲ್ಲ. ಕೈಗೆ ಅಂಟಿಕೊಂಡಿದ್ದ ಮಾತು. ಕೈ ಕೆಲಸ ಮಾಡಿತು, ನಾಲಿಗೆ ಹಿಂಬಾಲಿಸಿತು. ಥೂ, ಈ ನಾಲಿಗೆಗೆ ಬೆಂಕಿ ಬೀಳ! ರೇಡಿಯೋ ಬೆವತುಹೋದ. ಭಾವ ಎದ್ದು ಹೊರಟೇಬಿಡುತ್ತಾನೆ, ಇನ್ನು ಜನ್ಮದಲ್ಲಿ ಈ ಹೊಸಲು ತುಳಿಯುವುದಿಲ್ಲ ಅಂದುಕೊಂಡ.

ಭಾವ ಏಳಲಿಲ್ಲ. ಕನ್ನಡಿಯಲ್ಲಿ ಇವನನ್ನೇ ನೋಡಿದ.

"ಇಲ್ಲ ಕಣೋ" ಎಂದ. "ಚೆನ್ನಾಗಿಲ್ಲ. ಸ್ವಲ್ಪಾನೂ ಚೆನ್ನಾಗಿಲ್ಲ."

ಸೋಪು ಹಚ್ಚಲು ಎತ್ತಿಕೊಂಡ ಬ್ರಷ್ಷು ರೇಡಿಯೋನ ಕೈಯಲ್ಲೇ ಉಳಿಯಿತು.

"ಎಲ್ರೂ ಬಂದು ಹೇಳಿದ್ರು. ಧೈರ್ಯವಾಗಿರಿ, ಗಟ್ಟಿಯಾಗಿರಿ, ಮಗಳ ಮುಖ ನೋಡಿ. ಹೇಗಿದೀಯ ಅಂತ ಒಬ್ರೂ ಕೇಳ್ಲಿಲ್ಲ. ನಿಮ್ಮಕ್ಕ ಅಡುಗೆಮನೆಯಿಂದ ಏನೋ ಒಂದು ಹೇಳ್ತಾನೇ ಇರ್ತಿದ್ಲು. ನಾನು ಕೇಳಿಸ್ಕೊಳ್ದೇನೇ ಹ್ಞೂಂ, ಹ್ಞೂಂ ಅಂತಿದ್ದೆ. ಮೊನ್ನೆ ಪೇಪರ್ ಓದ್ತಾ ಹ್ಞೂಂ ಅಂದೆ ಕಣೋ. ಒಳಗೆ ಯಾರೂ ಇರಲಿಲ್ಲ."

"ಭಾವ..."

"ಮಗಳ ದನಿ ಥೇಟ್ ಅವಳದ್ದೇ. ಅಪ್ಪಾ ಅಂದ್ರೆ ಸಾಕು, ಅಳು ಬಂದ್ಬಿಡುತ್ತೆ. ಅವಳೆದುರು ಅಳಬಾರದಲ್ಲ, ಅದಕ್ಕೇ ಮುಖ ತಿರುಗಿಸ್ಕೋತೀನಿ."

"ಅವಳೆದುರೇ ಅಳಿ ಭಾವ" ಎಂದ ರೇಡಿಯೋ. ತಾಲೀಮಿನಲ್ಲಿ ಇಲ್ಲದ ಮಾತು. "ನೀವು ಅವಳ ಮೇಲೆ ಕೋಪ ಮಾಡ್ಕೊಂಡಿದೀರ ಅಂತ ಕೊರಗ್ತಿದಾಳೆ. ತನ್ನಿಂದಲೇ ಅಮ್ಮ ಹೋದ್ಲು ಅಂದ್ಕೊಂಡಿದಾಳೆ."

ಭಾವನ ಮುಖ ಬಿಳಿಚಿಕೊಂಡಿತು. "ಅವಳಿಂದ ಹೇಗೋ ಆಗುತ್ತೆ?" ಎಂದ, ಬಹಳ ಮೆಲ್ಲಗೆ. ಆಮೇಲೆ ಕುರ್ಚಿ ತಿರುಗಿಸಿ ಭಾವಮೈದುನನ ಮುಖವನ್ನು ನೇರವಾಗಿ ನೋಡಿದ. "ನೀನು ಹೇಗಿದೀಯೋ? ನಿಂಗೂ ಅಕ್ಕ ಅಲ್ವೇನೋ ಅವಳು."

ಇಷ್ಟು ದಿನ ಭಾವನಿಗೆ ಏನು ಹೇಳಲಿ ಎಂದು ತಡಕಾಡುತ್ತಿದ್ದವನಿಗೆ, ತನ್ನ ಎದೆಯಲ್ಲೂ ಅಷ್ಟೇ ದೊಡ್ಡ ಹಳ್ಳ ಬಿದ್ದಿದೆ ಎಂಬುದು ಹೊಳೆದಿರಲೇ ಇಲ್ಲ. ಏನೋ ಹೇಳಲು ಹೋದ. "ಅಕ್ಕ" ಎಂದಷ್ಟೇ ಬಂತು. ಊರಿಗೆಲ್ಲ ಮಾತು ಹಂಚುತ್ತಿದ್ದವನು ಒಂದು ಕೈಯಲ್ಲಿ ಬ್ರಷ್ಷು ಹಿಡಿದುಕೊಂಡು ಮಗುವಿನ ಹಾಗೆ ಅತ್ತ.

ಹುಡುಗಿ ಪೆನ್ನು ಹಿಡಿದು ಬಂದವಳು ಬಾಗಿಲಲ್ಲೇ ನಿಂತಳು. ಹಿಂದಕ್ಕೆ ಹೋಗಲೋ ಎಂದು ಒಂದು ಹೆಜ್ಜೆ ತೆಗೆದಳು ಕೂಡ.

"ಬಾ ಮಗಳೇ" ಎಂದ ಭಾವ. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಈ ಸಲ ಮುಖ ತಿರುಗಿಸಲಿಲ್ಲ. "ಅಮ್ಮನ ವಿಷಯ ಮಾತಾಡ್ತಿದ್ವಿ. ನೀನೂ ಬಾ."

ಅವಳು ಬರಲಿಲ್ಲ, ನಿಂತಲ್ಲೇ ಹೇಳಿಬಿಟ್ಟಳು. "ಅಪ್ಪಾ, ನಾನು ಬೇರೆ ಯಾರನ್ನೂ ಕರೀಲಿಲ್ಲ. ನಿಮಗೇ ಫೋನ್ ಮಾಡ್ತಾ ಕೂತೆ. ಮತ್ತೆ ಮತ್ತೆ ಮಾಡಿದೆ."

"ಗೊತ್ತು ಮಗಳೇ" ಎಂದು ಭಾವ ಎರಡೂ ಕೈ ಚಾಚಿದ. "ನೀನು ಮಾಡ್ದೆ. ನಾನು ಬಸ್ ಓಡಿಸ್ತಿದ್ದೆ. ನಾನು ಎತ್ತಲಿಲ್ಲ."

ಹುಡುಗಿ ಓಡಿ ಬಂದು ಅಪ್ಪನ ಕೊರಳಿಗೆ ಬಿದ್ದಳು. ರೇಡಿಯೋ ಅಂಗಡಿಯ ಬಾಗಿಲು ಮುಂದೆ ಮಾಡಿ ಬಂದು, ಏನೂ ಹೇಳದೆ ಅವರ ಪಕ್ಕದಲ್ಲಿ ನಿಂತುಕೊಂಡ.